ತಕ್ರಾರಿ ನಂಬರ್ ೨೧೯

ದುಧನಿ ಎಕ್ಸ್‌ಚೇಂಜಿನ ವಹಿಯೊಳಗ ಬರದಿತ್ತು:
ಪರಮಶೆಟ್ಟಿ ಅಡತಿಯವರ ಮನಿ ಫೋನು.
ನೆಟ್ ಹತ್ತತದ, ಹರೀತದ. ಮೂರನೇ ಸಲ.

ಸೈಕಲ್ಲಿಗಿ ನಿಚ್ಚಣಿಕಿ ಕಟಗೊಂಡು
ತೊಗರಿ ಧೂಳಿನ್ಯಾಗ ಸ್ಟೇಷನ್ ದಾಟಿ ಹೋದ್ರ
ಸಾತಲಿಂಗಪ್ಪ ಸಾವಕಾರ್ರು ಬಾಗಲದಾಗೇ ನಿಂತಿದ್ರು.
‘ಮಲಕಾರಿ, ಹಣಿ ತನಕ ಬಂದಾನೋ ವರಾ,
ಅಲ್ಲೇ ನಿಂತಾನ.’

ಖರೇನ ನಿಂತಿದ್ದ.
ಎಣ್ಣಿ ಹಚ್ಚಿ ಎಡಕ್ಕ ತಗದ ಬೈತಲಿ, ಮೂರು ಗೆರಿ ವಿಭೂತಿ,
ಅದರ ಕೆಳಗ ಬರೇ ಬೂದಿ ಬಣ್ಣದ ಪರದೆ.
ಉದಗೀರದ ಹುಡುಗ. ಸಕ್ಕರಿ ಕಾರಖಾನ್ಯಾಗ ಕೆಮಿಸ್ಟ್.
ಯಾರೋ ಶಾಣ್ಯಾ ಅವನ ಫೋಟೋ
ಗ್ವಾಡಿಗಿ ಹಚ್ಚೂವಷ್ಟು ದೊಡ್ಡದು ಮಾಡಿ ಮೇಲಿಗಿ ಹಾಕ್ಯಾನ.
ಇಳೀಲಿಕ್ಕ ನಲವತ್ತು ಮಿನಿಟು ಬೇಕು,
ಹದಿನೈದಕ್ಕ ಲೈನು ಹರೀತದ,
ಮತ್ತ ಮೊದಲಿಂದ, ಕೂದಲಿಂದ.

ಕಂಬ ಹತ್ತಿದೆ. ಬೇವಿನ ಟೊಂಗಿ ಬಾಜೂಕ
ಅಳಿಲು ಕಡದ ಜೋಡು ಬಿಚ್ಚಿ, ಕೆರದು, ಹೊಸಾದಾಗಿ ಹೆಣದೆ.
ಮೋಡೆಮ್ಮಿನ ಬೆನ್ನು ಮುಟ್ಟಿದೆ, ಕಾದ ಹಂಚು;
ಹೊಲಿಗಿ ಮಷಿನ್ ಮ್ಯಾಲಿಂದ ತಗದು ತಣ್ಣನ್ನ ಫರಸಿ ಮ್ಯಾಲ ಇಟ್ಟೆ.
ಕೀಬೋರ್ಡಿನ್ಯಾಗ ದೊಡ್ಡಕ್ಷರದ ದೀಪ ಹತ್ತಿತ್ತು, ಆರಿಸಿದೆ.
ನಂಬರಿನ್ಯಾಗ ಸೊನ್ನಿ ಆದಮ್ಯಾಲ ಒಂದು ಕಾಮಾ ಹಾಕಿದೆ.
‘ಇದ್ಯಾಕೋ?’
‘ನಮ್ಮ ಎಕ್ಸ್‌ಚೇಂಜಿಗಿ ವಯಸ್ಸಾಗ್ಯದ ಸಾವಕಾರ್ರ.
ಸೊನ್ನಿ ಒತ್ತಿದಮ್ಯಾಲ ಎರಡು ಸೆಕೆಂಡು
ಉಸುರು ತಗೋಳಾಕ ಬಿಡಬೇಕು.’

ಹತ್ತೂವರಿಗಿ ರೇಟು ಇಳೀತದ.
ಅಲ್ಲೀ ತನಕ ಬಿಸಿ ರೊಟ್ಟಿ, ಶೇಂಗಾದ ಹಿಂಡಿ.
ಅತ್ತಿ ಚಷ್ಮಾ ಒರಸಿಕೊಂಡು ಮುಂದ ಕುಂತ್ರು,
ಸಣ್ಣ ಹುಡುಗರು ಹೊರಸಿನ ಮ್ಯಾಲ.
ಮೋಡೆಮ್ಮು ಕುಂಯ್ ಅಂತು,
ಬೀಸೂಕಲ್ಲಿನ್ಯಾಗ ಮೊಳಿ ಬಿದ್ದಂಗ ಖರ್ರ್ ಅಂತು,
ಆಮ್ಯಾಲ ಗಪ್ಪ.
ನಾ ಹೊರಗ ಕಟ್ಟಿ ಮ್ಯಾಲ ಕುಂತು
ಡಬ್ಬಿಗಿ ಕ್ಲಿಪ್ ಸಿಗಸಿ ಕಿವಿ ಹಚ್ಚಿದ್ದೆ.
ಒಳಗ ಅತ್ತಿ ಒಂದೊಂದೇ ವರದಿ ಕೊಡ್ತಿದ್ರು:
‘ಬೈತಲಿ ಬಂತು. ಹಣಿ ಬಂತು. ಹುಬ್ಬು ಬಂದ್ವು.
ಕಣ್ಣು, ಕಣ್ಣು ಬರ್ಲಿಕತ್ಯಾವ ನೋಡ್ರೇ...’

ಟಕ್.

ಮೋಡೆಮ್ಮಿನ ಮಾತು ನಿಂತ ಜಾಗಾದಾಗ
ಯಾರದೋ ಉಸುರು.
ಎರಡೇ ಸೆಕೆಂಡು. ನಾ ಹಾಕಿದ ಕಾಮಾದಷ್ಟು.
ಆಮ್ಯಾಲ ರಿಸೀವರ್ ಮೆಲ್ಲಕ ಇಟ್ಟ ಸಪ್ಪಳ.

ನೀರು ಕೇಳೂ ನೆವಕ್ಕ ಅಡಗಿ ಮನಿಗಿ ಹೋದೆ.
ಹಿಟ್ಟಿನ ಡಬ್ಬಿ ಬಾಜೂಕ ಹಳೇ ಕರೀ ಫೋನು,
ಅದರ ಮೈಮ್ಯಾಲ ಜೋಳದ ಹಿಟ್ಟಿನ ನಾಕು ಬಟ್ಟು.
ಜಗದೇವಿ ತಂಬಿಗಿ ಕೊಟ್ಳು. ತಲಿ ತಗ್ಗಸಲಿಲ್ಲ.
‘ಕಾಕಾ, ಲೈನ್ ಭಾಳ ಕೆಟ್ಟದೇನ್ರಿ?’

ಎರಡು ಸ್ಕ್ರೂ ಬಿಚ್ಚಿದ್ರ ಆ ಫೋನು ಸತ್ತಂಗ.
ಒಂದು ಮಿನಿಟಿನ ಕೆಲಸ. ಡ್ರೈವರ್ ಕಿಸೇದಾಗೇ ಇತ್ತು,
ಅಲ್ಲೇ ಇತ್ತು.
‘ಕೆಟ್ಟದವ್ವಾ’ ಅಂದೆ,
ಹೆಗಲ ಮ್ಯಾಲಿನ ಟವೆಲ್ಲಿಲೆ ರಿಸೀವರ್ ಒರಸಿದೆ.
ಯಾವ ಹುಡುಗನ ಸಲುವಾಗಿ, ಯಾವ ಪರೀಕ್ಷಾದ ಸಲುವಾಗಿ,
ಇಲ್ಲಾ ಬರೇ ಬ್ಯಾಡಂತನೋ,
ನಾ ಕೇಳಲಿಲ್ಲ. ಆಕಿ ಹೇಳಲಿಲ್ಲ.

‘ಸಿಕ್ತೇನೋ ದೋಷ?’ ಅಂದ್ರು ಸಾವಕಾರ್ರು.
‘ಹುಡುಕೂದದ್ರಿ ಇನ್ನಾ.’
‘ಬಿಡು ಹಂಗಾರ, ಪೋಸ್ಟಿನ್ಯಾಗ ತರಸ್ತೀನಿ ಫೋಟೋ.’
ಏನ್ ಮಾಡ್ಲಿ? ಪೋಸ್ಟು ಬ್ಯಾರೆ ಇಲಾಖೆ.

ಮುಂಜಾನಿ ಫಾರ್ಮ್ ತುಂಬಿದೆ.
ದೋಷ ಎಲ್ಲಿ ಅನ್ನೂ ಮನ್ಯಾಗ ಬರದೆ: ಒಳಗಿನ ವೈರಿಂಗ್.
ನಮ್ಮ ಜವಾಬ್ದಾರಿ ಹೊರಗಿನ ಡಬ್ಬಿ ತನಕ ಅಷ್ಟೇ.
ಫಾರ್ಮ್ ಮರಾಠಿ,
ಸಹಿ ಕನ್ನಡ.