ಹದಿನಾರು ಪುಟ

ಏಳನೇ ಪುಸ್ತಕದ ಕೊನೆಯ ಹದಿನಾರು ಪುಟ
ನನ್ನ ಕೈಗೆ ಬರುವ ಮೊದಲೇ ಹೋಗಿದ್ದವು.
ಹಂಪನಕಟ್ಟೆಯ ಬಾಡಿಗೆ ಲೈಬ್ರರಿಯ ಲಿಗೋರಿ ಪೊರ್ಬುಗಳು
ಅದೊಂದಕ್ಕೆ ಎಂಟಾಣೆ ಬಿಟ್ಟು ನಾಲ್ಕಾಣೆ ಹಿಡಿಯುತ್ತಿದ್ದರು:
"ಯಾರೋ ಕಡಲೆ ಕಟ್ಟಿರಬೇಕು. ಕೊನೆ ಇಲ್ಲ, ಅರ್ಧ ಕ್ರಯ."

ಪಂಜು ಹಿಡಿದ ರಾಘು, ಅವನ ಬೆನ್ನಿಗೆ ಚಂದು
ಗುಹೆಯ ಬಾಯಿಗೆ ಕಾಲಿಟ್ಟಲ್ಲಿಗೆ
ಬರೀ ಬೈಂಡಿನ ದಾರ, ಒಣಗಿದ ಅಂಟು.
ತಂಗಿ ನೀಲು ಎಂದಿನಂತೆ ಹೊರಗೆ,
ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ನಾಯಿಯ ಹಗ್ಗ.
ಆ ನಾಯಿಗೆ ಹೆಸರು ಕೂಡ ಇರಲಿಲ್ಲ.

ಶಾಲೆ ಬಿಟ್ಟು ಬೆಂಗ್ರೆಯ ಕಡವಿನ ದೋಣಿ ಹತ್ತಿದರೆ
ಅಷ್ಟಗಲ ಹೊಳೆ, ಅಷ್ಟೇ ಹೊತ್ತು.
ನಾನು, ಮೈಮುನಾ
ಹಲಗೆಯ ಮೇಲೆ ಒತ್ತಿ ಕೂತು
ಹೋದ ಪುಟಗಳನ್ನು ದಿನಾ ಬರೆದೆವು, ಬಾಯಲ್ಲೇ.
ಮೊದಲು ಬುತ್ತಿಯನ್ನು ನಾಯಿಗೆ ಹಾಕಿ
ನೀಲುವನ್ನು ಒಳಗೆ ಕಳಿಸಿದೆವು.
ಅಣ್ಣಂದಿರನ್ನು ಕೆಸರಲ್ಲಿ ಸೊಂಟದವರೆಗೆ ಹೂತೆವು,
ಎರಡು ದಿನ ಎಬ್ಬಿಸಲೇ ಇಲ್ಲ.
ನನಗೆ ಕನಿಕರ ಬಂತು, ಅವಳಿಗೆ ಬರಲಿಲ್ಲ.
ನಿಧಿ ಎಂದರೆ ಚಿನ್ನ ಎಂದೆ.
"ಚಿನ್ನ ಬೇಡ. ಅಡವಿಟ್ಟು ಬರುತ್ತಾರೆ.
ಎಂಜಿನ್ ಸಿಗಲಿ," ಎಂದಳು ಮೈಮುನಾ,
"ದೋಣಿಗೆ ಹಾಕುವಂಥದ್ದು. ಹೊಸತು."
ಆ ವರ್ಷ ಅವಳ ಅಪ್ಪ ಇನ್ನೂ ಹುಟ್ಟು ಹಾಕುತ್ತಿದ್ದರು.

ಒಂದು ಮಾತು ಮಾತ್ರ ನಾವು ಆಡಿರಲಿಲ್ಲ.
ಮೂರನೇ ಪುಸ್ತಕದ ಕಳ್ಳಸಾಗಣೆಯವನನ್ನು
ಮಕ್ಕಳು ಕತ್ತಲಲ್ಲಿ ಪತ್ತೆ ಹಚ್ಚುವುದು
ಅವನ ಮೈಯ ಮೀನುವಾಸನೆಯಿಂದ.
ಆ ಪುಟ ನಾನು ಬೇಗ ತಿರುಗಿಸಿದೆ.
ಮೈಮುನಾ ತನ್ನ ಅಂಗೈ ಮೂಸಿ
ಹೊಳೆಯ ನೀರಲ್ಲಿ ಅದ್ದಿದಳು. ಅಷ್ಟೆ.

ಈಗ ಅದೆಲ್ಲ ಟೀವಿಗೆ ಬಂದಿದೆ. ಎಂಟು ಕಂತು.
ತಣ್ಣೀರುಬಾವಿಯ ಮರಳಲ್ಲಿ ಥರ್ಮಾಕೋಲಿನ ಗುಹೆ ಎಬ್ಬಿಸಿ
ಮಂಜು ಬೇಕೆಂದು ಬಂದರು ನಮ್ಮ ಐಸ್ ಪ್ಲಾಂಟಿಗೆ.
ಹನ್ನೆರಡು ಬ್ಲಾಕ್. ಬಿಲ್ಲು ನಾನೇ ಬರೆದೆ.
ಮಂಜು ಏಳಲಿಲ್ಲ, ನೀರಾಯಿತು,
ನಾಯಿ ಕುಡಿಯಿತಂತೆ.
ಅದಕ್ಕೀಗ ಹೆಸರುಂಟು, ತಳಿಯುಂಟು, ಕುತ್ತಿಗೆಯಲ್ಲಿ ಕ್ಯಾಮೆರಾ.

ತಮ್ಮನ ಮಗಳು ಶಮಿಕಾ ರಿಮೋಟ್ ಕೊಡುವುದಿಲ್ಲ.
ನೀಲುವಿಗೆ ಕತ್ತರಿಸಿದ ಕೂದಲು, ಹಣೆಗೆ ದೀಪ;
ಚಂದುವಿಗೆ ಕತ್ತಲೆಂದರೆ ಉಸಿರು ಕಟ್ಟುತ್ತದೆ,
ಹೇಳಿಕೊಂಡು ಅಳುತ್ತಾನೆ, ರಾಘು ಬೆನ್ನು ಸವರುತ್ತಾನೆ.
ಪುಸ್ತಕದಲ್ಲಿ ಬಾಗಿಲ ಸಂದಿಯ ಸೆರಗು ಮಾತ್ರ ಆಗಿದ್ದ ತಾಯಿ
ಇಲ್ಲಿ ಮೂರನೇ ಕಂತಿಗೆ ಕೆಲಸ ಕಳೆದುಕೊಳ್ಳುತ್ತಾಳೆ.
ಕಳ್ಳನಿಗೆ ಇಸ್ತ್ರಿ ಅಂಗಿ.
ಅವನನ್ನು ಹಿಡಿದುಕೊಡುವುದು ಈಗಲೂ ವಾಸನೆಯೇ,
ಸೆಂಟಿನ ವಾಸನೆ.

ಸರಿ ಮಾಡಿದ್ದಾರೆ. ಚಪ್ಪಾಳೆ ತಟ್ಟಬೇಕೆನಿಸಿತು.
ಎತ್ತಿದ ಕೈಯನ್ನು ಯಾಕೋ ಮೂಗಿಗೆ ಹಿಡಿದೆ.
ಐಸಿಗೆ ವಾಸನೆಯಿಲ್ಲ ಎನ್ನುತ್ತಾರೆ. ನಮ್ಮದಕ್ಕುಂಟು.

"ಅತ್ತೇ, ಪುಸ್ತಕದಲ್ಲೂ ಹೀಗೇ ಉಂಟಾ?"
ಯಾವ ಪುಸ್ತಕದಲ್ಲಿ ಎಂದು ಕೇಳಬೇಕಿತ್ತು,
ಅಚ್ಚಿನದರಲ್ಲೋ, ದೋಣಿಯದರಲ್ಲೋ.
ಪೊರ್ಬುಗಳ ಲೈಬ್ರರಿ ಇದ್ದಲ್ಲಿ ಮೊಬೈಲ್ ಕವರು ತೂಗುತ್ತಿವೆ;
ಇಡೀ ಪ್ರತಿ ಯಾರದೋ ಅಟ್ಟದಲ್ಲಿ ಇದ್ದೀತು,
ನಾನು ಹುಡುಕಲಿಲ್ಲ.

ಕೊನೆಯ ಕಂತು ಮುಗಿದ ಮೇಲೆ ಉಳ್ಳಾಲಕ್ಕೆ ಫೋನು ಮಾಡಿದೆ.
ಮೈಮುನಾಳಿಗೆ ಮೊಣಕಾಲಿಗೆ ಪಟ್ಟಿ, ಮೂರು ಮಂದಿ ಸೊಸೆಯರು,
ಹಿಂದೆ ಮಿಕ್ಸಿಯ ಸದ್ದು.
ನೀಲು ಒಳಗೆ ಹೋದಳು ಮಾರಾಯ್ತಿ, ಎಂದೆ.
"ಅವಳು ಯಾವಾಗಲೋ ಹೋಗಿಯಾಗಿದೆಯಲ್ಲ.
ಎಂಜಿನ್ ಸಿಕ್ಕಿತಾ?"
ಇಲ್ಲ. ತಾಳೆಗರಿಯ ಕಟ್ಟು. ಮ್ಯೂಸಿಯಮ್ಮಿಗೆ ಕೊಟ್ಟರು,
ಎಲ್ಲರೂ ನಕ್ಕರು, ಮೇಲೆ ಡ್ರೋನು ಒಂದು ಸುತ್ತು ಬಂತು.

ಮಿಕ್ಸಿ ನಿಂತಿತು.
"ತಾಳೆಗರಿ ಕಟ್ಟಿದರೆ ದೋಣಿ ಹೋಗುದಾ?"