ಊಟ ಆದ ಮೇಲೆ

ಬಿಸಿನೀರಲ್ಲಿ ಗೂಡು ಬಿಚ್ಚಿ ಬಿಚ್ಚಿ
ಊದಿದ ಮಣಿಕಟ್ಟಿಗೊಂದು ಮಾತ್ರೆ.
ಶಿಡ್ಲಘಟ್ಟದ ಸಂದಿಯಲ್ಲಿ ಆಟೋ ತಾಗಿ
ಕುಂಟಿ ಬಂದ ಬೋಟಿಗೂ
ಅದೇ ಮಾತ್ರೆ, ಅರ್ಧ,
ಬನ್ನಿನೊಳಗಿಟ್ಟು.

ಊಟ ಆದ ಮೇಲೇ ಕೊಟ್ಟೆ ಸಾರ್,
ಬೆಳಿಗ್ಗೆ, ರಾತ್ರಿ, ಎರಡೂವರೆ ದಿನ,
ನನಗೆ ಬರೆದ ಹಾಗೇ.

ದನದಾಸ್ಪತ್ರೆಯ ರಹಮತ್ ಸಾಬರು
ಪಟ್ಟಿಯ ಹೆಸರೋದಿ
ನನ್ನ ಮುಖ ನೋಡಿದರು.
'ನಾಯಿಗೆ ಇದು ವಿಷ, ಮುನಿಲಕ್ಷ್ಮಮ್ಮ.'

ಮೊದಲ ದಿನ ಬೋಟಿ ಕುಂಟದೆ ನಡೆದಿತ್ತು.
ಅದನ್ನು ಹೇಳಲೋ ಬೇಡವೋ.

ಈಗ ಒಲೆ ಆರಿದೆ. ಬೆಂದ ಹುಳದ ರಾಶಿ
ಕದಿಯುವವರಿಲ್ಲದೆ ಹಾಗೇ ಬಿದ್ದಿದೆ.
ಪಟ್ಟಿಯಲ್ಲಿ ಅರ್ಧ ಮಾತ್ರೆ ಉಳಿದಿದೆ.
ಕೈ ಸಿಡಿಯುತ್ತಿದೆ.
ಊಟವೂ ಆಗಿದೆ.