ಸೆಕೆಂಡ್ ಮಾಲು

ಹನ್ನೊಂದು ವರ್ಷ ಆತು, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಾರಖಾನಿಯೊಳಗ
ಟ್ಯೂಬ್‌ಲೈಟಿನ ಕೆಳಗ ನಿಂತು ನಾ ಟಾವೆಲ್ ನೋಡತೀನಿ.
ನೋಡೂದು ಅಂದ್ರ ತಪ್ಪು ಹುಡುಕೂದು:
ಜಿಗಿದ ಎಳಿ, ಎಣ್ಣಿ ಕಲಿ, ಸೊಟ್ಟ ಅಂಚು,
ಗುಬ್ಬಿ ಕಣ್ಣಿನಷ್ಟು ತೂತು.
ಕಂಡ ಕೂಡಲೆ ನೀಲಿ ಸುಣ್ಣದಕಡ್ಡಿಯ ಒಂದು ಗೀಟು.
ಗೀಟು ಬಿದ್ದದ್ದು ಸೆಕೆಂಡ್.
ಸೆಕೆಂಡ್ ಮಾಲು ಕಿಲೋದ ಲೆಕ್ಕದಾಗ ಸಂತಿಗೆ.

ಮನಿಗೆ ಬಂದರೂ ಕಣ್ಣು ಡ್ಯೂಟಿ ಬಿಡೂದಿಲ್ಲ.
ಮಗಳ ಜಡಿ, ಗಂಡನ ಅಂಗಿಯ ಗುಂಡಿ,
ಹಂಚಿನ ಮ್ಯಾಲಿನ ರೊಟ್ಟಿಯ ದುಂಡು.
ಆನಿಗೆ ಐದು ಕಾಲು ಬರೆದ ಚಿತ್ರ ಹಿಡಕೊಂಡು ಬಂದು
ಸ್ನೇಹಲ ಒಮ್ಮೆ ಕೇಳಿದ್ಲು:
"ಅವ್ವಾ, ಇದೂ ಸೆಕೆಂಡ್ ಏನ?"
ನಾ ನಕ್ಕೆ.
ನಗು ಗಂಟಲದಾಗ ದಾರ ಸಿಕ್ಕಂಗ ಸಿಕ್ಕಿತು.

ಮಾಗಿಯ ಥಂಡಿಗೆ ಒಂದು ಕೌದಿ,
ನಾಲ್ಕೂ ಮಂದಿ ಸಾಲಾಗಿ ಮಲಗುವಷ್ಟು.
ನನ್ನ ಹಳದಿ ಸೀರಿ, ತೀರಿಹೋದ ಮಾವನ ಧೋತ್ರ,
ಅಂಗನವಾಡಿಯ ಫ್ರಾಕು,
ಎಷ್ಟು ಒಗೆದರೂ ಗ್ರೀಸಿನ ವಾಸನಿ ಬಿಡದ
ಗುರುಪಾದನ ಡೆಪೋದ ಖಾಕಿ.
ಕಾಗದದ ಮ್ಯಾಲ ಚೌಕ ಬರಕೊಂಡೆ, ಫೂಟಪಟ್ಟಿ ಇಟ್ಟು.
ಮೂರು ಸಲ ಹೊಲದೆ, ಮೂರು ಸಲ ಬಿಚ್ಚಿದೆ.
ಬಿಚ್ಚಿ ಬಿಚ್ಚಿ ಮಾವನ ಧೋತ್ರ ಜಾಳಾತು.
"ಇದು ಕೌದಿ ಅಲ್ಲವಾ, ಕೋರ್ಟಿನ ಕೇಸು," ಅಂದ್ರು ನೀಲಗಂಗತ್ತಿ,
"ಬರೇ ತಾರೀಕ ಬೀಳತಾವ."

ಆಮ್ಯಾಲ ನಾ ಇಲ್ಲದ ಹೊತ್ತಿನಾಗ ತಾವ ಕುಂತ್ರು.
ಒಂದು ಕಣ್ಣಿಗೆ ಪೊರಿ, ಇನ್ನೊಂದು ಕಣ್ಣಿಗೆ ಅಂದಾಜು.
ಒಂದು ಹೊಲಿಗಿ ಅಕ್ಕಿಕಾಳು, ಬಾಜೂಕಿನದು ಹುಣಸಿಬೀಜ,
ಸಾಲು ಹೊಂಟದ್ದು ಮೂಲಿಗೆ, ಮುಟ್ಟಿದ್ದು ನಡುವಿಗೆ.
ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಬ್ಯಾಗಿನಾಗಿನ ಸುಣ್ಣದಕಡ್ಡಿ ತಗದೆ.
ಇಲ್ಲಿ ಗೀಟು. ಇಲ್ಲೂ ಗೀಟು.
ರವಿವಾರ ಕುಂತು ಎಲ್ಲಾ ಬಿಚ್ಚಬೇಕಂತ
ಗುರುತು ಮಾಡಿ ಮಾಡಿ
ಕೌದಿ ತುಂಬ ನೀಲಿ ಮಳಿ ಹೊಡದಂಗಾತು.

ಮರುದಿನ ಎರಡನೇ ಪಾಳಿ ಮುಗಿಸಿ ಬಂದರ
ನನ್ನ ಒಂದೊಂದು ಗೀಟಿನ ಮ್ಯಾಲೂ ಕೆಂಪು ದಾರ ಓಡ್ಯದ.
"ಎಲ್ಲಿ ಹೊಲೀಬೇಕಂತ ನೀನ ಬರೆದು ಹೋಗಿದ್ದೆಲ್ಲ,
ಅಜ್ಜಿಗೆ ಕಾಣಂಗಿಲ್ಲಂತ ನಾ ಬೆರಳು ಹಿಡಿದು ತೋರಿಸಿದೆ,"
ಅಂದ್ಲು ಸ್ನೇಹಲ. "ಬರೊಬ್ಬರಿ ಅದ ಏನ?"

ಬ್ಲೇಡು ಜಂತಿಯ ಸಂದಿಯೊಳಗ ಇತ್ತು.
ಕೈ ಅಲ್ಲೀತನ ಹೋಗಿತ್ತು, ಸುಳ್ಳು ಹೇಳೂದಿಲ್ಲ.
ಗುರುಪಾದ ಊಟದ ತಾಟಿನಿಂದ ತಲಿ ಎತ್ತಿ
"ನನ್ನ ಖಾಕಿ ಎಲ್ಲಿ ಕುಂತದ?" ಅಂತ ಕೇಳಿದ,
ಆಧಾರ್ ಕಾರ್ಡಿನಾಗ ಹೆಸರು ಹುಡುಕಿದಂಗ.
ಐದು ಕಾಲಿನ ಆನಿಯ ಬಗಲಾಗ, ಅಂದ್ಲು ಮಗಳು.
ಹೌದು, ಫ್ರಾಕಿನ ಬಟ್ಟಿಯಿಂದ ಆನಿ ಕತ್ತರಿಸಿ ಹಚ್ಚಿದ್ರು.
ಕಾಲು ಎಣಿಸಿದೆ. ಐದು.

ಒಂದು ಮೂಲಿ ಮಾತ್ರ ಬಾಯಿ ಬಿಟ್ಟಿತ್ತು.
"ಹಸದ ಕೌದಿ ಬೆಚ್ಚಗ ಇಡಂಗಿಲ್ಲ," ಅಂತ ಅತ್ತಿ
ರೊಟ್ಟಿಯ ಒಂದು ಚೂರು ಒಳಗ ತುರುಕಿ
ಸೂಜಿ ನನ್ನ ಕೈಯಾಗ ಇಟ್ರು.
ದುಂಡಗಿಲ್ಲದ ರೊಟ್ಟಿ, ಮುಂಜಾನಿ ನಾನ ಬಡದದ್ದು.
ಹೊಲದೆ.
ಕಡೀ ನಾಲ್ಕು ಹೊಲಿಗಿ ನನ್ನವು, ಸೊಟ್ಟ.
ನಿದ್ದಿ ಬಂದಿತ್ತು ಅನ್ನಬಹುದು.

ಇವತ್ತೂ ಕಾರಖಾನಿಯಾಗ ಗೀಟು ಹಾಕತೀನಿ, ಪಗಾರ ಅದಕ್ಕ.
ಸುಣ್ಣದಕಡ್ಡಿ ಮಾತ್ರ ಅಲ್ಲೇ, ಮೇಜಿನ ಖಾನಿಯೊಳಗ ಬಿಟ್ಟು ಬರತೀನಿ.
ಕೌದಿ ಒಂದು ಬಾಜೂಕ ಗೇಣು ಕಡಿಮಿ ಬಿದ್ದದ.
ಅರ್ಧರಾತ್ರಿಗೆ ಯಾರದರ ಕಾಲು ಹೊರಗ ಬರತದ,
ಎಳೀತಾರ. ನಾನೂ ಎಳೀತೀನಿ.
ಕತ್ತಲಾಗ ಅತ್ತಿ ಬೈತಾರ.